ಚಳಿಗಾಲದ ಪ್ರೋಟೀನು

ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಒಂದು ಗುರುವಾರ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಕ್ಕ, ನಿಮ್ಮಿಂದ ಒಂದು ಕೆಲಸ ಆಗಬೇಕಿತ್ತು," ಅಂದಳು. ಹೆಗಲಲ್ಲಿ ಬ್ಯಾಗು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಒಂದೇ ಚಪ್ಪಲಿ ಹಾಕಿಕೊಂಡು ಕೇಳುವ ಕೆಲಸ ಯಾವತ್ತೂ ಸಣ್ಣದಿರುವುದಿಲ್ಲ ಅಂತ ಈ ಮನೆಯಲ್ಲಿ ನಾನು ಕಲಿತಿದ್ದೇನೆ.

"ನನ್ನ ಪಬ್ಲಿಕೇಷನ್ ಲಿಸ್ಟ್ ಮಾಡಬೇಕು. ಸೋಮವಾರ ಸಂಜೆ ಐದಕ್ಕೆ ಪೋರ್ಟಲ್ ಕ್ಲೋಸ್ ಆಗುತ್ತೆ."

ಅವಳು ವಿಜ್ಞಾನಿ. ಚಿಕ್ಕಬಳ್ಳಾಪುರದಿಂದ ದಿನಾ ಏಳರ ಬಸ್ಸು ಹಿಡಿದು ಲ್ಯಾಬಿಗೆ ಹೋಗುತ್ತಾಳೆ. ರೇಷ್ಮೆ ಹುಳದ ರಕ್ತದಲ್ಲಿ ಯಾವ ಯಾವ ಪ್ರೋಟೀನು ಇದೆ ಅಂತ ಪತ್ತೆ ಹಚ್ಚುವುದು ಅವಳ ಕೆಲಸ. ಅದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಅಂತ ಒಂದು ಯಂತ್ರ. ನಮ್ಮ ದೇವರಮನೆಗಿಂತ ದೊಡ್ಡದಂತೆ, ಮಡಿಯೂ ಅದಕ್ಕಿಂತ ಹೆಚ್ಚಂತೆ. ಪ್ರಮೋಷನ್ನಿಗೆ ಅರ್ಜಿ ಕರೆದಿದ್ದರು. ಅವಳೇ ಮುಖ್ಯ ಲೇಖಕಿಯಾಗಿರುವ ಏಳು ಪೇಪರು ಇರಬೇಕು ಅಂತ ನಿಯಮ. ಅವಳ ಹತ್ತಿರ ಇದ್ದದ್ದು ಸರಿಯಾಗಿ ಏಳು. ಹೋದ ಸಲ ಅರ್ಜಿ ಕರೆದಾಗ ಅವಳ ಮಗಳು ತೊಟ್ಟಿಲಲ್ಲಿದ್ದಳು. ಈಗ ಮಗ್ಗಿ ಹೇಳುತ್ತಾಳೆ. ಹಾಗಾಗಿ ಈ ಸಲ ತಪ್ಪುವಂತಿರಲಿಲ್ಲ. ಆದರೆ ಅದೇ ವಾರ ಅವಳಿಗೆ ಯಂತ್ರದ ಸರದಿ ಸಿಕ್ಕಿತ್ತು. ಅದನ್ನು ಬಿಟ್ಟರೆ ಮತ್ತೆ ಸಿಗುವುದು ಮೂರು ತಿಂಗಳಿಗೆ.

"ನಂಗೆ ಆ ಪೇಪರಲ್ಲಿ ಏನು ಅರ್ಥ ಆಗುತ್ತೆ ಕಣೇ?"

"ಅರ್ಥ ಆಗೋದು ಬೇಡ ಅಕ್ಕ. ನೀಟಾಗಿರಬೇಕು ಅಷ್ಟೇ. ನಮ್ಮ ಲ್ಯಾಬಲ್ಲಿ ಅರ್ಥ ಆಗೋರು ಬೇಕಾದಷ್ಟು ಜನ ಇದಾರೆ, ನೀಟಾಗಿ ಮಾಡೋರು ಒಬ್ಬರೂ ಇಲ್ಲ."

ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮ್ಮ ನೋಟ್‌ಬುಕ್ಕನ್ನು ಹಿಂದಿನ ಪುಟದಿಂದ ತಿದ್ದುತ್ತಾ ಬರುತ್ತಿದ್ದರು. ಮುಂದಿನ ಪುಟ ಎಲ್ಲರೂ ಚೆನ್ನಾಗಿ ಬರೀತಾರೆ, ಕೊನೇ ಪುಟ ನೋಡಿದರೆ ಹುಡುಗಿ ಎಂಥವಳು ಅಂತ ಗೊತ್ತಾಗುತ್ತೆ ಅನ್ನುತ್ತಿದ್ದರು. ಆ ಭಯ ನನಗೆ ಇನ್ನೂ ಹೋಗಿಲ್ಲ. ಒಪ್ಪಿಕೊಂಡೆ.

ಪಟ್ಟಿಗೆ ಒಂಬತ್ತು ಕಾಲಂ. ಲೇಖಕರ ಹೆಸರು ಅಚ್ಚಾದ ಕ್ರಮದಲ್ಲೇ, ಅವಳ ಹೆಸರು ಮಾತ್ರ ದಪ್ಪಕ್ಷರದಲ್ಲಿ. ಪತ್ರಿಕೆ, ವರ್ಷ, ಸಂಪುಟ, ಪುಟ, ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಹೀಗೆ. ಕೊನೆಯ ಕಾಲಮ್ಮಿನಲ್ಲಿ ಆ ಪೇಪರಿನಲ್ಲಿ ಅವಳ ಪಾಲೇನು ಅಂತ ಐವತ್ತು ಪದದೊಳಗೆ ಬರೆಯಬೇಕು. ಇದರ ಜೊತೆ ಪ್ರತಿ ಪೇಪರಿನ ಪೂರ್ತಿ ಪ್ರತಿ, ಅದರ ಪೂರಕ ಪುಟಗಳು, ಐದು ಸೆಟ್ಟು. ಎಲ್ಲ ಸೇರಿಸಿ ಒಂದು ಪಿಡಿಎಫ್ಫು, ಎರಡು ಎಂಬಿ ಒಳಗೆ. ನಾನು ಮಾಡಿದ್ದು ಮೊದಲ ಸಲ ಮೂವತ್ತೊಂದು ಎಂಬಿ ಬಂತು. ಎರಡನೇ ಸಲ ಕುಗ್ಗಿಸಿದರೆ ಎಂಬಿ ಸರಿಯಾಯಿತು, ಅಕ್ಷರ ಮಾಯವಾಯಿತು.

ಲೇಖಕರ ಹೆಸರುಗಳೇ ಒಂದು ದಿನ ತಿಂದವು. ಒಂದು ಪೇಪರಿಗೆ ಹತ್ತೊಂಬತ್ತು ಜನ. ನೋಡಿದರೆ ಥೇಟ್ ಲಗ್ನಪತ್ರಿಕೆಯ ಕೆಳಗೆ ಸುಖಾಗಮನ ಬಯಸುವವರ ಹಾಗೆ. ಮೊದಲನೆಯವರು ಕೆಲಸ ಮಾಡಿದವರು, ಕೊನೆಯವರು ಯಜಮಾನರು, ನಡುವೆ ಇರುವವರು ಯಂತ್ರ ಕೊಟ್ಟವರು, ಲೆಕ್ಕ ಹಾಕಿದವರು, ಬಿಟ್ಟರೆ ಬೇಜಾರು ಮಾಡಿಕೊಳ್ಳುವವರು ಅಂತ ಓರಗಿತ್ತಿ ಫೋನಿನಲ್ಲಿ ವಿವರಿಸಿದಳು.

ನಮ್ಮ ಅತ್ತೆ ಪಕ್ಕದಲ್ಲಿ ಕೂತು ಕನ್ನಡಕದ ಮೇಲಿಂದ ನೋಡುತ್ತಿದ್ದರು. "ಇಷ್ಟು ವರ್ಷಕ್ಕೆ ಬರೀ ಏಳಾ?" ಅಂದರು.

"ಒಂದೊಂದಕ್ಕೆ ಎರಡು ಮೂರು ವರ್ಷ ಹಿಡಿಯುತ್ತಂತೆ ಅತ್ತೆ."

"ಅಷ್ಟು ಹೊತ್ತಿಗೆ ಹುಳ ಬದುಕಿರುತ್ತಾ?"

ಐವತ್ತು ಪದದ ಕಾಲಮ್ಮಿಗೋಸ್ಕರ ಏಳೂ ಪೇಪರನ್ನು ಮೊದಲಿಂದ ಕಡೇತನಕ ಓದಿದೆ. ಹಾಗೆ ಓದಬೇಕಾಗಿರಲಿಲ್ಲವಂತೆ. ಮೇಲಿನ ಒಂದು ಪ್ಯಾರಾ ಓದಿದರೆ ಸಾಕು, ಎಲ್ಲರೂ ಹಾಗೇ ಮಾಡೋದು ಅಂತ ಆಮೇಲೆ ಹೇಳಿದಳು. ಅರ್ಥವಾಗದ ಕಡೆ ಅವಳು ಬಳೆಯ ಉದಾಹರಣೆ ಕೊಟ್ಟಿದ್ದಳು. ಒಂದು ರಾಶಿ ಬಳೆಗಳನ್ನು ಒಡೆದು, ಒಂದೊಂದು ಚೂರನ್ನೂ ತೂಗಿ, ಆ ತೂಕದಿಂದಲೇ ಇದು ಯಾರ ಕೈಯ ಯಾವ ಬಳೆ ಅಂತ ಹೇಳಬೇಕು. ಪ್ರೋಟೀನನ್ನು ಒಂದು ಕಿಣ್ವದಿಂದ ಕತ್ತರಿಸುತ್ತಾರೆ, ಯಂತ್ರ ಚೂರುಗಳನ್ನು ತೂಗುತ್ತದೆ, ಕಂಪ್ಯೂಟರು ಆ ತೂಕಗಳನ್ನು ಗೊತ್ತಿರುವ ಪ್ರೋಟೀನುಗಳ ಪಟ್ಟಿಯ ಜೊತೆ ತಾಳೆ ನೋಡುತ್ತದೆ.

ಏಳನೇ ಪೇಪರಿನಲ್ಲಿ ಹಾಗೆ ತಾಳೆಯಾಗದ ಚೂರುಗಳು ಸಿಕ್ಕಿದ್ದವು. ಅದೇ ಆ ಪೇಪರಿನ ಹೆಗ್ಗಳಿಕೆ. ಬೇಸಿಗೆಯ ಹುಳದಲ್ಲಿ ಇಲ್ಲ, ಚಳಿಗಾಲದ ಹುಳದಲ್ಲಿ ಇದೆ. ಚಳಿಗಾಲದಲ್ಲಿ ಹುಳಕ್ಕೆ ಸುಣ್ಣಕಟ್ಟು ರೋಗ ಬರುತ್ತದೆ, ಮೈಯೆಲ್ಲ ಬೆಳ್ಳಗೆ ಬಿಗಿದುಕೊಂಡು ಸಾಯುತ್ತದೆ. ಅದರ ವಿರುದ್ಧ ಹೋರಾಡುವುದಕ್ಕೇ ಹುಳ ಈ ಹೊಸ ಪ್ರೋಟೀನು ಮಾಡಿಕೊಳ್ಳುತ್ತಿರಬಹುದು ಅಂತ ಬರೆದಿದ್ದರು. ಏಳರಲ್ಲಿ ಹೆಚ್ಚು ಜನ ಉಲ್ಲೇಖಿಸಿದ್ದು ಇದನ್ನೇ. ಕೊನೆಯಲ್ಲಿ 'ಮಾದರಿ ಸಂಗ್ರಹಕ್ಕೆ ನೆರವಾದ ಕುಟುಂಬದವರಿಗೆ ಕೃತಜ್ಞತೆ' ಅಂತ ಇತ್ತು. ಆ ಕುಟುಂಬದವರು ಅಂದರೆ ನಾನು. ಆ ಸಾಲನ್ನು ಅತ್ತೆಗೆ ಎರಡು ಸಲ ಓದಿ ಹೇಳಿದೆ.

ಶನಿವಾರ ಬಜಾರಿನ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಶಿಡ್ಲಘಟ್ಟದ ರೀಲರ್ ಮನೆತನದ ಸಾಹೇಬರು. ಅವರ ತಂದೆ ಗೂಡಿನಿಂದ ನೂಲು ಬಿಚ್ಚುತ್ತಿದ್ದರು, ಇವರು ಕಾಗದ ಬಿಚ್ಚುತ್ತಾರೆ. ಬಹಳ ನಾಜೂಕು. ಒಂದು ಕಾಗದ ಓರೆಯಾಗಿ ಬಂದರೂ ಹರಿದು ಬುಟ್ಟಿಗೆ ಹಾಕುತ್ತಾರೆ.

"ಮೇಡಂ, ಈ ಕೊನೇ ಪುಟ ಬ್ಲಾಕ್ ಅಂಡ್ ವೈಟ್ ತೆಗೆದ್ರೆ ಸತ್ತೋಗುತ್ತೆ. ಕಲರ್ ತೆಗೀತೀನಿ," ಅಂದರು. ತೆಗೆದು, ಬೆಳಕಿಗೆ ಹಿಡಿದು, ನನ್ನ ಮುಂದಿಟ್ಟರು. "ನೋಡಿ ಕ್ವಾಲಿಟಿ. ಒಂದೊಂದು ಬೇಳೆನೂ ಎಣಿಸಬಹುದು."

"ಯಾವ ಬೇಳೆ?"

"ಹಿತಕಬೇಳೆ ಮೇಡಂ. ಇಲ್ಲಿ, ಮೂಲೇಲಿ."

ಅದು ಏಳನೇ ಪೇಪರಿನ ಪೂರಕ ಪುಟದ ಫೋಟೋ. ಹುಳದಿಂದ ರಕ್ತ ತೆಗೆಯುವ ವಿಧಾನ ಅಂತ ಕೆಳಗೆ ಬರೆದಿತ್ತು. ನೀಲಿ ಗ್ಲೌಸು ಹಾಕಿದ ಎರಡು ಕೈ, ಒಂದರಲ್ಲಿ ಹುಳ, ಒಂದರಲ್ಲಿ ಸೂಜಿ. ಫೋನಿನಲ್ಲಿ ನೋಡಿದಾಗ ಮೂಲೆಯಲ್ಲಿ ಏನೋ ಬೂದು ಮುದ್ದೆಯ ಹಾಗಿತ್ತು. ಈಗ ನೋಡಿದರೆ ಸ್ಟೀಲ್ ಬೇಸಿನ್ನು, ತುಂಬ ಹಸಿರು ಅವರೆಬೇಳೆ. ಕೈ ನನ್ನದು. ಬಲಗೈ ಹೆಬ್ಬೆರಳ ಗ್ಲೌಸಿನ ಮೇಲೆ ಒಂದು ತೆಳ್ಳನೆ ಸಿಪ್ಪೆ ಅಂಟಿಕೊಂಡಿತ್ತು.

ಅಂಗಡಿಯವರು ಐದೂ ಸೆಟ್ಟು ಕಲರ್ರೇ ತೆಗೆಯಲಾ ಅಂತ ಕೇಳಿದರು. ನಾನು ಸ್ಟೂಲಿನ ಮೇಲೆ ಕೂತುಕೊಂಡೆ.

ಐದು ವರ್ಷದ ಹಿಂದೆ, ಸಂಕ್ರಾಂತಿ ಮುಂಚಿನ ವಾರ. ಸಾದಲಿಯಲ್ಲಿ ನಮ್ಮ ಅತ್ತೆಯ ತಂಗಿಯ ಮನೆ, ನಾವು ಚಿಕ್ಕತ್ತೆ ಅನ್ನುತ್ತೇವೆ. ಅವರದು ದೊಡ್ಡ ಹುಳದ ಮನೆ. ಹುಳ ಪೊರೆ ಬಿಡುವ ನಾಲ್ಕನೇ ನಿದ್ದೆ ಕಳೆದು ಎದ್ದ ಮೂರನೇ ದಿನವೇ ರಕ್ತ ತೆಗೆಯಬೇಕಿತ್ತು, ಅದೇ ದಿನ ಓರಗಿತ್ತಿಗೆ ಜ್ವರ. ಹುಳ ಯಾರಿಗೂ ಕಾಯುವುದಿಲ್ಲ. ನಲವತ್ತು ಪುಟಾಣಿ ಟ್ಯೂಬು, ಐಸ್ ಡಬ್ಬಿ, ಒಂದು ಜೊತೆ ಗ್ಲೌಸು, ಹನ್ನೊಂದು ಸಾಲಿನ ಸೂಚನೆ ಕೊಟ್ಟು ನನ್ನನ್ನು ಕಳಿಸಿದಳು. ಹುಳದ ಕಾಲಿಗೆ ಸೂಜಿ ತಾಗಿಸಿದರೆ ತಿಳಿಹಳದಿ ಹನಿ ಬರುತ್ತದೆ, ಅದನ್ನು ಟ್ಯೂಬಿಗೆ ಬೀಳಿಸಿ ತಕ್ಷಣ ಐಸಿನಲ್ಲಿಡಬೇಕು, ಇಲ್ಲದಿದ್ದರೆ ಕಪ್ಪಾಗುತ್ತದೆ. ಆರನೇ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು: ನಲವತ್ತೂ ಟ್ಯೂಬು ಮುಗಿಯುವವರೆಗೆ ಗ್ಲೌಸು ತೆಗೆಯಬಾರದು.

ಇಪ್ಪತ್ತು ಆಗುವಷ್ಟರಲ್ಲಿ ಐಸು ಕರಗಿಹೋಯಿತು. ಚಿಕ್ಕತ್ತೆಯ ಮಗಳು ಐಸ್ ತರುವುದಕ್ಕೆ ಸ್ಕೂಟರಿನಲ್ಲಿ ಶಿಡ್ಲಘಟ್ಟಕ್ಕೆ ಹೋದಳು. ಇತ್ತ ಚಿಕ್ಕತ್ತೆ ನೆನೆಸಿದ ಅವರೆಕಾಳಿನ ಬೇಸಿನ್ನು ಮುಂದಿಟ್ಟುಕೊಂಡು, ಒಂದೊಂದೇ ಕಾಳನ್ನು ಬೆರಳಲ್ಲಿ ಹಿಚುಕಿ ಸಿಪ್ಪೆ ಬಿಡಿಸುತ್ತಾ ಕೂತಿದ್ದರು. "ಸುಮ್ನೆ ಕೂತ್ಕಂಡು ಏನ್ ಮಾಡ್ತೀಯಮ್ಮ, ನಾಕು ಹಿತುಕು ಬಾ," ಅಂದರು. ನಮ್ಮ ಕಡೆಯ ಯಾವ ಹೆಂಗಸೂ ಅವರೆಕಾಳಿನ ಮುಂದೆ ಕೈಕಟ್ಟಿ ಕೂರಲಾರಳು. ಆದರೆ ಗ್ಲೌಸು ತೆಗೆಯುವ ಹಾಗಿಲ್ಲ. ತೆಗೆಯಲಿಲ್ಲ. ಹಾಕಿಕೊಂಡೇ ಒಂದು ಗಂಟೆ ಹಿತುಕಿದೆ. ಉಗುರು ಕಪ್ಪಾಗದೆ ಎಷ್ಟು ಚೆನ್ನಾಗಿದೆ ಅಂತ ಚಿಕ್ಕತ್ತೆಗೆ ಹೇಳಿದ್ದೂ ನೆನಪಿದೆ. ಐಸ್ ಬಂತು. ಅದೇ ಗ್ಲೌಸಿನಲ್ಲಿ ಮಿಕ್ಕ ಇಪ್ಪತ್ತು ಟ್ಯೂಬು ತುಂಬಿದೆ. ಚಿಕ್ಕತ್ತೆಯ ಮಗಳು ಫೋಟೋ ತೆಗೆದಳು. ಸೂಚನೆಯನ್ನು ಅಕ್ಷರಶಃ ಪಾಲಿಸಿದೆ ಅಂತ ನನಗೆ ಅವತ್ತು ಎಷ್ಟೊಂದು ಸಮಾಧಾನ.

ಮನೆಗೆ ಬಂದವಳೇ ಪೇಪರಿನ ಕೋಷ್ಟಕ ತೆಗೆದೆ. ಚಳಿಗಾಲದ ಮಾದರಿಗಳಲ್ಲಿ ಒಂದರಿಂದ ಇಪ್ಪತ್ತರಲ್ಲಿ ಹೊಸ ಪ್ರೋಟೀನು ಇಲ್ಲ. ಇಪ್ಪತ್ತೊಂದರಿಂದ ನಲವತ್ತರಲ್ಲಿ ಇದೆ. ಎರಡನೇ ಇಪ್ಪತ್ತು ಹುಳಗಳನ್ನು ಕಿಟಕಿ ಪಕ್ಕದ ತಟ್ಟೆಯಿಂದ ಆರಿಸಿದ್ದರಿಂದ ಅವಕ್ಕೆ ಚಳಿ ಹೆಚ್ಚು ತಾಗಿರಬೇಕು ಅಂತ ಪೇಪರಿನಲ್ಲಿ ಕಾರಣ ಕೊಟ್ಟಿದ್ದರು.

ಸುಮ್ಮನಿದ್ದುಬಿಡಬಹುದಿತ್ತು. ನಿಜ ಹೇಳಬೇಕೆಂದರೆ ಆ ಯೋಚನೆ ಬಂತು. ಬಂದದ್ದಷ್ಟೇ ಅಲ್ಲ, ಕಾಫಿ ಲೋಟ ಹಿಡಿದು ಪಕ್ಕದಲ್ಲೇ ಕೂತಿತು. ಏಳು ಪೇಪರು ಬೇಕು, ಏಳಿವೆ. ಸೋಮವಾರ ಕಳಿಸಿಬಿಟ್ಟರೆ ಮುಗಿಯಿತು. ಇಷ್ಟು ದಿನ ಯಾರಿಗೂ ಗೊತ್ತಾಗಿಲ್ಲ. ಅತ್ತೆ ಬಂದು, "ಏನಮ್ಮ, ಒಗ್ಗರಣೆ ಸೀದರೂ ಗೊತ್ತಾಗದ ಹಂಗೆ ಕೂತಿದೀಯ," ಅಂದರು. ನೋಡಿದರೆ ಸಾಸಿವೆ ನಿಜವಾಗಿಯೂ ಸೀದಿತ್ತು. ಗೊತ್ತಿದ್ದೂ ಸುಮ್ಮನೆ ಕೂರುವುದು ನನ್ನ ಕೈಯಲ್ಲಾಗುವ ಕೆಲಸವಲ್ಲ ಅಂತ ಅಲ್ಲಿಗೆ ತೀರ್ಮಾನವಾಯಿತು.

ಸಂಜೆ ಅವಳು ಬಂದು ಕೈಕಾಲು ತೊಳೆದುಕೊಂಡ ಮೇಲೆ ಫೋಟೋ ಮುಂದಿಟ್ಟು ಎಲ್ಲ ಹೇಳಿದೆ. ಅವಳು ಫೋಟೋ ನೋಡಿದಳು, ನನ್ನನ್ನು ನೋಡಿದಳು.

"ಗ್ಲೌಸ್ ಹಾಕ್ಕೊಂಡು ಹಿತುಕಿದ್ರಾ?"

"ತೆಗೀಬೇಡಿ ಅಂತ ಬರೆದಿದ್ದೆಯಲ್ಲ."

"ಅದೇ ಕೈಯಲ್ಲಿ ಬೇರೆ ಏನೂ ಮಾಡಬೇಡಿ ಅಂತ ಬರೀಲಿಲ್ಲ ನಾನು," ಅಂತ ನಿಧಾನವಾಗಿ ಅಂದಳು. ಕೋಪವಿರಲಿಲ್ಲ ಆ ದನಿಯಲ್ಲಿ. ಕೋಪವಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆ ಬಂತು. ಹಳೆಯ ಅಳತೆಗಳೆಲ್ಲ ಅವಳ ಹತ್ತಿರ ಇದ್ದವು. ಅವಳು ಹೇಳಿದ್ದು ಇಷ್ಟು. ಪ್ರಪಂಚದ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಮಾದರಿಯೊಳಗೆ ನುಸುಳುವ ಪ್ರೋಟೀನುಗಳ ಒಂದು ಪಟ್ಟಿ ಇದೆ, ಮೊದಲು ಅದರ ಜೊತೆ ತಾಳೆ ನೋಡಿ ಅವನ್ನು ಬಿಟ್ಟುಬಿಡುತ್ತಾರೆ. ಅದರಲ್ಲಿ ಮನುಷ್ಯರ ಚರ್ಮ ಇದೆ, ಕುರಿಯ ಉಣ್ಣೆ ಇದೆ, ಹಸುವಿನ ಹಾಲಿದೆ. ಅವರೆಕಾಯಿ ಇಲ್ಲ. ಆ ಪಟ್ಟಿ ಮಾಡಿದವರು ಸಂಕ್ರಾಂತಿಗೆ ಸಾದಲಿಗೆ ಬಂದವರಲ್ಲ. ಪೇಪರು ಪರಿಶೀಲಿಸಿದವರಲ್ಲಿ ಒಬ್ಬರು, ಇದು ಗಿಡದ ಪ್ರೋಟೀನಿನ ಹಾಗಿದೆಯಲ್ಲ, ಹುಳ ತಿಂದ ಸೊಪ್ಪಿನದಿರಬಹುದೇ ಅಂತ ಕೇಳಿದ್ದರಂತೆ. ಇವರು ಹಿಪ್ಪುನೇರಳೆ ಸೊಪ್ಪಿನ ಜೊತೆ ತಾಳೆ ನೋಡಿ, ಅದಲ್ಲ ಅಂತ ಸಾಬೀತು ಮಾಡಿದ್ದರು. ಹುಳ ಬೇರೇನೂ ತಿನ್ನುವುದಿಲ್ಲ, ಆದ್ದರಿಂದ ಇದು ಹುಳದ್ದೇ.

ಅವರೆಯ ಪ್ರೋಟೀನುಗಳ ವಿವರ ಆಗ ಸಿಕ್ಕಿರಲಿಲ್ಲ, ಈಗ ಸಿಕ್ಕಿತು. ಅದನ್ನು ಸೇರಿಸಿ ಹುಡುಕಾಟ ಶುರುಮಾಡಿದಳು. ಪರದೆಯ ಮೇಲೆ ಹಸಿರು ಗೆರೆ ಉದ್ದವಾಗುತ್ತಾ ಹೋಯಿತು. ನಾನು, ಅತ್ತೆ, ಅವಳು ಮೂರೂ ಜನ ಅದನ್ನೇ ನೋಡುತ್ತಾ ಕೂತೆವು. ಅತ್ತೆ ಮಧ್ಯೆ ಒಂದು ಸಲ, "ಹಾಲು ಉಕ್ಕೋದು ಕಾದಂಗೆ ಐತೆ," ಅಂದರು.

ಹದಿನಾಲ್ಕು ಚೂರುಗಳಲ್ಲಿ ಹದಿಮೂರು ಅವರೆಗೆ ತಾಳೆಯಾದವು.

ಅವಳು ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟಳು. ಆಮೇಲೆ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಅಂತ ನಾನು ಎದ್ದೆ. ನಗುತ್ತಿದ್ದಳು. "ಸುಣ್ಣಕಟ್ಟಿಗೆ ಹುಳ ಮಾಡ್ಕೊಂಡ ಮದ್ದು ಅಂತ ಬರೆದಿದ್ದೀನಿ ಅಕ್ಕ. ಜಪಾನಿನವರು ಇದನ್ನ ಉಲ್ಲೇಖ ಮಾಡಿದಾರೆ." ನಗು ಮುಗಿದ ಮೇಲೆ ಕಣ್ಣು ಒರೆಸಿಕೊಂಡಳು. ಆ ಒರೆಸಿಕೊಂಡದ್ದು ಪೂರ್ತಿ ನಗುವಿನದಾಗಿರಲಿಲ್ಲ.

ಅವಳ ಹಿರಿಯ ಪ್ರೊಫೆಸರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಅವರು ಎಲ್ಲ ಕೇಳಿ, "ಅಮ್ಮ, ನಾಳೆ ಅಪ್ಲಿಕೇಷನ್ ಹಾಕಿಬಿಡಿ. ಪ್ರಮೋಷನ್ ಆಗಲಿ, ಆಮೇಲೆ ನೋಡಣ. ಇಷ್ಟು ವರ್ಷ ಯಾರೂ ನೋಡಿಲ್ಲ, ಇನ್ನು ಯಾರು ನೋಡ್ತಾರೆ?" ಅಂದರು.

"ನಮ್ಮ ಅಕ್ಕ ನೋಡಿದ್ರಲ್ಲ ಸರ್."

"ಅವರು ಯಾವ ಲ್ಯಾಬು?"

"ನಮ್ಮ ಮನೆ ಸರ್."

ಅವರು, "ನಿಮ್ಮ ಹೆಸರು ಮೊದಲಿದೆ, ನೀವೇ ತೀರ್ಮಾನ ಮಾಡಿ. ಆದ್ರೆ ಆರೇ ಪೇಪರಿದ್ರೆ ಪೋರ್ಟಲ್ ತಗೊಳಲ್ಲ, ಅದೂ ನೆನಪಿರಲಿ," ಅಂತ ಫೋನಿಟ್ಟರು.

ಸೋಮವಾರ ಅವಳು ರಜೆ ಹಾಕಿದಳು. ನಾಲ್ಕು ಗಂಟೆಗೆ ಪೋರ್ಟಲ್ ತೆರೆದಳು. ನಾನು ಪಕ್ಕದಲ್ಲಿ ಕೂತಿದ್ದೆ. ಏಳನೆಯದನ್ನು ಅಳಿಸಿ ಆರಿಟ್ಟು ಒತ್ತಿದಳು. ಕನಿಷ್ಠ ಏಳು ಅಂತ ಕೆಂಪಕ್ಷರ ಬಂತು. ಮತ್ತೆ ಏಳನೆಯದನ್ನು ಸೇರಿಸಿದಳು. ಕೆಂಪಕ್ಷರ ಹೋಗಿ ಹಸಿರು ಬಟನ್ ಬಂತು. ಅದರ ಮೇಲೆ ಬಾಣದ ಗುರುತಿಟ್ಟು ಹಾಗೇ ಕೂತಳು. ತಪ್ಪು ಮಾಡಿದವಳು ನಾನು, ಕಳಕೊಳ್ಳುವವಳು ಅವಳು. ಬುದ್ಧಿ ಹೇಳುವುದಕ್ಕೆ ನನಗೆ ಯಾವ ಬಾಯಿ? ಕೊನೆಗೆ ಪೋರ್ಟಲ್ ಮುಚ್ಚಿ, ಇಮೇಲ್ ತೆರೆದು, ಏಳನೇ ಪೇಪರನ್ನು ವಾಪಸ್ ತಗೊಳ್ಳುತ್ತೇನೆ ಅಂತ ಪತ್ರಿಕೆಯ ಸಂಪಾದಕರಿಗೆ ಬರೆಯಲು ಶುರುಮಾಡಿದಳು. "ಅಕ್ಕ, ಹಿತುಕೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ?" ಅಂದಳು. ಕಾನ್ವೆಂಟಿನಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ. ಐದು ಗಂಟೆ ಆದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಐದು ಸೆಟ್ಟಿನಿಂದಲೂ ಏಳನೇ ಪೇಪರನ್ನು ನಾನೇ ಪಿನ್ನು ಬಿಚ್ಚಿ ತೆಗೆದೆ. ಆ ವರ್ಷ ಪ್ರಮೋಷನ್ನು ಅವಳಿಗಿಂತ ಕಿರಿಯವನೊಬ್ಬನಿಗೆ ಆಯಿತು. ಅವನು ಕೊಟ್ಟ ಮೈಸೂರುಪಾಕು ಮನೆಗೆ ತಂದಳು, ಚೆನ್ನಾಗೇ ಇತ್ತು. ಪೇಪರು ವಾಪಸಾಗುವುದಕ್ಕೆ ಐದು ತಿಂಗಳು ಹಿಡಿಯಿತು. ಹನ್ನೊಂದು ಜನ ಲೇಖಕರೂ ಸಹಿ ಹಾಕಬೇಕು, ಅವರಲ್ಲಿ ಒಬ್ಬರಿಗೆ ತಾವು ಆ ಪೇಪರಿನಲ್ಲಿ ಇದ್ದದ್ದೇ ಮರೆತುಹೋಗಿತ್ತು.

ಮುಂದಿನ ಸಂಕ್ರಾಂತಿಗೆ ಇಬ್ಬರೂ ಸಾದಲಿಗೆ ಹೋದೆವು. ಈ ಸಲ ಮೂರು ಗುಂಪು: ಹೊಸ ಗ್ಲೌಸಿನಲ್ಲಿ ತೆಗೆದದ್ದು, ಅವರೆ ಹಿತುಕಿದ ಗ್ಲೌಸಿನಲ್ಲಿ ತೆಗೆದದ್ದು, ಹಿತುಕಿ ತೊಳೆದ ಗ್ಲೌಸಿನಲ್ಲಿ ತೆಗೆದದ್ದು. ಅನುಭವವಿದ್ದದ್ದರಿಂದ ಹಿತುಕುವ ಹೊಣೆ ನನಗೇ ಬಂತು. ಚಿಕ್ಕತ್ತೆಗೆ ಮಾತ್ರ ಅಸಮಾಧಾನ.

"ನಮ್ಮ ಅವರೆಕಾಯಿ ಮೇಲೆ ಕೇಸು ಹಾಕ್ತಾವ್ಳಂತೆ?"

"ಇಲ್ಲ ಚಿಕ್ಕತ್ತೆ, ಕೈ ತೊಳೆದ್ರೆ ಹೋಗುತ್ತಾ ಇಲ್ವಾ ಅಂತ ನೋಡೋದು," ಅಂದಳು ಓರಗಿತ್ತಿ.

"ಏಂ ಕಾದುಲೇ," ಅಂತ ಚಿಕ್ಕತ್ತೆ ತೆಲುಗಿನಲ್ಲೇ ತಳ್ಳಿಹಾಕಿದರು. "ಸೋಪು ಹಾಕಿ ತೊಳೆದ್ರೂ ಎರಡು ದಿನ ಸೊಗಡು ಹೋಗಲ್ಲ. ಇದನ್ನ ಕೇಳಿದ್ರೆ ನಾನೇ ಹೇಳ್ತಿರ್ಲಿಲ್ವಾ, ಮಿಷನ್ ಯಾಕೆ?"

ಯಂತ್ರವೂ ಅದನ್ನೇ ಹೇಳಿತು. ತೊಳೆದ ಗ್ಲೌಸಿನಲ್ಲೂ ಅವರೆ ಸಿಕ್ಕಿತು. ನಮ್ಮ ಕಡೆಯ ಲ್ಯಾಬುಗಳು ಚಳಿಗಾಲದಲ್ಲಿ ಈ ಪ್ರೋಟೀನುಗಳನ್ನೂ ಆ ನುಸುಳುಕೋರರ ಪಟ್ಟಿಗೆ ಸೇರಿಸಿಕೊಳ್ಳಬೇಕು ಅಂತ ಅವಳು ಬರೆದ ನಾಲ್ಕು ಪುಟ ಒಂದು ಸಣ್ಣ ಪತ್ರಿಕೆಯಲ್ಲಿ ಅಚ್ಚಾಯಿತು. ಮುಖ್ಯ ಲೇಖಕಿ ಅವಳೇ. ಹೀಗೆ ಮತ್ತೆ ಏಳಾಯಿತು.

ಮತ್ತೆ ಅರ್ಜಿ ಕರೆದರು, ನಾನು ಮತ್ತೆ ಒಂಬತ್ತು ಕಾಲಂ ತುಂಬಿದೆ. ಎಂಬಿಯ ವಿಷಯದಲ್ಲಿ ಈಗ ನಾನು ಜೆರಾಕ್ಸ್ ಅಂಗಡಿಯವರಿಗೇ ಹೇಳಿಕೊಡಬಲ್ಲೆ. ವಾಪಸಾದ ಪೇಪರನ್ನು ಏನು ಮಾಡಲಿ ಅಂತ ಕೇಳಿದೆ. "ಕೆಳಗೆ ಬೇರೆಯಾಗಿ ಹಾಕಿ ಅಕ್ಕ. ಲೇಖಕರೇ ಹಿಂಪಡೆದದ್ದು ಅಂತ ಬರೀರಿ," ಅಂದಳು. ಹಾಗೇ ಮಾಡಿದೆ.

ಸಂದರ್ಶನದಲ್ಲಿ ಐದು ಜನ ಕೂತಿದ್ದರಂತೆ. ಮೊದಲನೇ ಪ್ರಶ್ನೆಯೇ ಅದರ ಬಗ್ಗೆ, ಕೊನೆಯ ಪ್ರಶ್ನೆಯೂ ಅದರ ಬಗ್ಗೆ. ಮಿಕ್ಕ ಪೇಪರುಗಳನ್ನು ಅವರು ತೆರೆಯಲೇ ಇಲ್ಲ. ಒಬ್ಬರು ಚಿಂತಾಮಣಿಯವರು, ಗ್ಲೌಸು ಹಾಕಿಕೊಂಡರೆ ಸಿಪ್ಪೆ ಬೇಗ ಬಿಡುತ್ತಾ ಅಂತ ಬಹಳ ಶ್ರದ್ಧೆಯಿಂದ ಕೇಳಿದರಂತೆ.

ಮೂರು ವಾರಕ್ಕೆ ಆರ್ಡರ್ ಬಂತು. ಅತ್ತೆ ತಾವೇ ಫೋನ್ ತೆಗೆದುಕೊಂಡು ತಂಗಿಗೆ ಸುದ್ದಿ ಹೇಳಿದರು. ಪ್ರಮೋಷನ್ ಆಯಿತು, ಬರೆದ ಪೇಪರು ಕೇಳಲಿಲ್ಲವಂತೆ, ವಾಪಸ್ ತಗೊಂಡ ಪೇಪರನ್ನೇ ಅರ್ಧ ಗಂಟೆ ಕೇಳಿದರಂತೆ, ಅದನ್ನ ಓದಿ ಹಿಡಿದವಳು ನಮ್ಮ ದೊಡ್ಡ ಸೊಸೆ ಅಂತ ವಿವರವಾಗಿ ಹೇಳಿ, ಫೋನ್ ನನ್ನ ಕೈಗೆ ಕೊಟ್ಟರು.

"ಒಂದು ವಾಪಸ್ ತಗೊಂಡಿದ್ದಕ್ಕೇ ಇಷ್ಟು ದೊಡ್ಡ ಕೆಲ್ಸ ಕೊಟ್ರಾ?" ಅಂದರು ಚಿಕ್ಕತ್ತೆ ಆ ಕಡೆಯಿಂದ. ಸ್ವಲ್ಪ ಯೋಚನೆ ಮಾಡಿ, ದನಿ ತಗ್ಗಿಸಿ, "ಇನ್ನೂ ಏಳು ಐತಲ್ಲಮ್ಮ. ಬಿಡುವಾದಾಗ ಅವನ್ನೂ ಒಂದ್ಸಲ ಓದ್ಬಿಡು," ಅಂದರು.